ತೋಟ, ಅಪ್ಪ-ಅಮ್ಮ, ಪಿಆರ್: ಮಲೆನಾಡಿನವರು ಯಾವ ದೇಶ ಆರಿಸಿಕೊಳ್ಳಬೇಕು?

‘ಕೆನಡಾ ಒಳ್ಳೆಯದಾ, ಜರ್ಮನಿ ಒಳ್ಳೆಯದಾ?’ ಎಂದು ಕೇಳಿಕೊಂಡು ಬರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ನಾನು ಮೊದಲು ಕೇಳುವುದು, ತೋಟ ಯಾರ ಹೆಸರಲ್ಲಿದೆ ಅಂತ. ಆಮೇಲೆ, ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಬೇರೆ ಯಾರಿದ್ದಾರೆ ಅಂತ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಸ್ಕೋರು, ಸಂಬಳ, ಪಾಯಿಂಟು ಎಲ್ಲ ಅದಾದ ಮೇಲೆ.

ಇದಕ್ಕೆ ಕಾರಣ ಇದೆ. ಪಿಆರ್, ಅಂದರೆ ಹೊರದೇಶದಲ್ಲಿ ಕಾಯಂ ಆಗಿ ವಾಸಿಸುವ ಅನುಮತಿಯ ಬಗ್ಗೆ ಸಿಗುವ ಮಾಹಿತಿಯೆಲ್ಲ ಹೋಗುವುದು ಹೇಗೆ ಎನ್ನುವುದರ ಸುತ್ತಲೇ ಇರುತ್ತದೆ. ಎಷ್ಟು ಪಾಯಿಂಟ್ ಬೇಕು, ಎಷ್ಟು ದುಡ್ಡು ಬೇಕು, ಎಷ್ಟು ತಿಂಗಳು ಹಿಡಿಯುತ್ತದೆ, ಇಷ್ಟೇ. ಸಾಗರ, ಹೊಸನಗರ, ತೀರ್ಥಹಳ್ಳಿ, ಕೊಪ್ಪದ ಕಡೆಯಿಂದ ಹೋಗುವವರಿಗೆ ಬರುವುದು ಹೇಗೆ ಎನ್ನುವುದೂ ಅಷ್ಟೇ ಮುಖ್ಯ. ಕೊಯ್ಲಿಗೆ ಬರಬೇಕು. ಅಪ್ಪನಿಗೆ ಆಪರೇಷನ್ ಆದರೆ ಮೂರು ತಿಂಗಳು ಇಲ್ಲೇ ನಿಲ್ಲಬೇಕು. ತೋಟ ನೋಡಿಕೊಳ್ಳುವವರು ಇಲ್ಲದಾದಾಗ ಪೂರ್ತಿಯಾಗಿಯೇ ಬರಬೇಕಾಗಬಹುದು. ಹೀಗೆ ಹೋಗಿ ಬಂದು ಮಾಡಲು ಯಾವ ದೇಶದ ಕಾಗದ ಎಷ್ಟು ಅವಕಾಶ ಕೊಡುತ್ತದೆ ಎನ್ನುವುದನ್ನು ಮುಂದಿಟ್ಟುಕೊಂಡೇ ಇಲ್ಲಿ ಹೋಲಿಸಿದ್ದೇನೆ. ಅಂಕಿಗಳು 2025ರ ನಿಯಮದವು. ಸಂಬಳದ ಮಿತಿ, ಶುಲ್ಕ ಎಲ್ಲ ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವಾಗ ಆಯಾ ಸರ್ಕಾರದ ಜಾಲತಾಣದಲ್ಲೇ ನೋಡಿಕೊಳ್ಳಿ.

ಕಾಗದ ಯಾರ ಕೈಯಲ್ಲಿ?

ಬೇರೆ ದೇಶದಲ್ಲಿ ಕಾನೂನು ಪ್ರಕಾರ ನೆಲೆಸುವುದರಲ್ಲಿ ಎರಡು ಬಗೆ ಇದೆ. ಒಂದರಲ್ಲಿ ಅನುಮತಿ ನಿಮ್ಮದೇ. ಕೆಲಸ ಬಿಟ್ಟರೂ, ಕಂಪನಿ ಮುಚ್ಚಿದರೂ ನೀವು ಅಲ್ಲೇ ಇರಬಹುದು. ಇನ್ನೊಂದರಲ್ಲಿ ಅನುಮತಿ ಕಂಪನಿಯ ಮೂಲಕ ಬಂದದ್ದು, ಕೆಲಸ ಹೋದರೆ ಅದೂ ಹೋಗುತ್ತದೆ. ಸ್ವಂತ ಗದ್ದೆಗೂ ಗೇಣಿ ಗದ್ದೆಗೂ ಇರುವ ವ್ಯತ್ಯಾಸವೇ ಇದು. ಕಾಗೋಡು ಸತ್ಯಾಗ್ರಹ ನಡೆದ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೆನಡಾ ಮತ್ತು ಆಸ್ಟ್ರೇಲಿಯಾ ಮೊದಲನೆಯ ಬಗೆಯವು. ಕೈಯಲ್ಲಿ ಕೆಲಸ ಇಲ್ಲದೆಯೂ, ಶಿವಮೊಗ್ಗದಲ್ಲಿ ಕೂತುಕೊಂಡೇ ಪಿಆರ್‌ಗೆ ಅರ್ಜಿ ಹಾಕುವ ದಾರಿ ಅಲ್ಲಿದೆ.

ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ಶುರುವಾದದ್ದು 2015ರಲ್ಲಿ. ವಯಸ್ಸು, ಓದು, ಭಾಷೆ, ಅನುಭವ ನೋಡಿ 1200ಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ಜಾಸ್ತಿ ಅಂಕ ಇದ್ದವರನ್ನು ಆಗಾಗ ಡ್ರಾ ಮಾಡಿ ಕರೆಯುತ್ತಾರೆ. ವಯಸ್ಸಿಗೆ ಪೂರ್ತಿ ಅಂಕ ಸಿಗುವುದು 20ರಿಂದ 29ರವರೆಗೆ ಮಾತ್ರ. 30 ಆದ ಮೇಲೆ ವರ್ಷಕ್ಕೆ ಐದಾರು ಅಂಕ, 40 ದಾಟಿದ ಮೇಲೆ ಇನ್ನೂ ಜಾಸ್ತಿ ಇಳಿಯುತ್ತಾ ಹೋಗಿ 45ಕ್ಕೆ ಸೊನ್ನೆಯಾಗುತ್ತದೆ. ಇಷ್ಟು ವರ್ಷ ನಮ್ಮವರು ಕೆನಡಾ ಕೆನಡಾ ಅಂದದ್ದು ಈ ದಾರಿಯನ್ನು ನಂಬಿ. ಈಗ ಅದು ಬಹಳ ಕಿರಿದಾಗಿದೆ. 2024ರಲ್ಲಿ 4,85,000 ಇದ್ದ ವಾರ್ಷಿಕ ಪಿಆರ್ ಗುರಿಯನ್ನು 2025ಕ್ಕೆ 3,95,000ಕ್ಕೆ ಇಳಿಸಿದರು. ಕೆಲಸದ ಆಫರ್ ಲೆಟರ್‌ಗೆ ಸಿಗುತ್ತಿದ್ದ ಹೆಚ್ಚುವರಿ ಅಂಕವನ್ನು 2025ರ ಮಾರ್ಚ್‌ನಲ್ಲಿ ತೆಗೆದುಹಾಕಿದರು. ಆ ವರ್ಷದ ಡ್ರಾಗಳಲ್ಲಿ ಕರೆ ಬಂದದ್ದು ಬಹುತೇಕ ಅಲ್ಲೇ ಕೆಲಸ ಮಾಡಿದವರಿಗೆ, ಪ್ರಾಂತ್ಯಗಳು ಆರಿಸಿದವರಿಗೆ, ಫ್ರೆಂಚ್ ಬಲ್ಲವರಿಗೆ, ಆರೋಗ್ಯ ಕ್ಷೇತ್ರದವರಿಗೆ. ಬೆಂಗಳೂರಿನಲ್ಲಿ ಐದು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದ, ಇಂಗ್ಲಿಷ್ ಚೆನ್ನಾಗಿರುವ ಸಾಮಾನ್ಯ ಅಭ್ಯರ್ಥಿಗೆ ನೇರವಾಗಿ ಕರೆ ಬರುವುದು ಕಷ್ಟ. ಪ್ರಾಂತ್ಯವೊಂದು ನಾಮನಿರ್ದೇಶನ ಮಾಡಿದರೆ 600 ಅಂಕ ಸೇರುತ್ತದೆ, ಆಗ ಕರೆ ಬಂದ ಹಾಗೆಯೇ. ಇಲ್ಲವಾದರೆ ಫ್ರೆಂಚ್ ಕಲಿಯಬೇಕು. ಇದನ್ನು ಸುಮ್ನೆ ಹೇಳುತ್ತಿಲ್ಲ. ಒಂದೂವರೆ ಎರಡು ವರ್ಷ ಗಟ್ಟಿಯಾಗಿ ಕೂತು ಫ್ರೆಂಚ್ ಕಲಿಯುವ ತಾಳ್ಮೆ ಇರುವವರಿಗೆ ಕೆನಡಾ ಇವತ್ತಿಗೂ ತೆರೆದಿದೆ.

ಆಸ್ಟ್ರೇಲಿಯಾದಲ್ಲಿ ಮೂರು ವೀಸಾಗಳ ಹೆಸರು ಕೇಳಿರುತ್ತೀರಿ: 189, 190, 491. ಮೊದಲಿನ ಎರಡು ನೇರ ಪಿಆರ್. 190ಕ್ಕೆ ಒಂದು ರಾಜ್ಯದ ನಾಮನಿರ್ದೇಶನ ಬೇಕು, ಅದಕ್ಕೆ 5 ಅಂಕ ಸಿಗುತ್ತದೆ. 491 ಐದು ವರ್ಷದ ತಾತ್ಕಾಲಿಕ ವೀಸಾ. ಅದಕ್ಕೆ 15 ಅಂಕ ಸಿಗುತ್ತದೆ, ಆದರೆ ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಬೇರೆ ಕಡೆ ಇರಬೇಕು. ಮೂರು ವರ್ಷ ಹಾಗೆ ಇದ್ದು ನಿಯಮ ಪಾಲಿಸಿದರೆ 191 ಎಂಬ ಪಿಆರ್‌ಗೆ ಅರ್ಜಿ ಹಾಕಬಹುದು. ಪರ್ತ್, ಅಡಿಲೇಡ್‌ನಂಥ ದೊಡ್ಡ ಊರುಗಳೂ ಈ ‘ಪ್ರಾದೇಶಿಕ’ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ 491 ಎಂದರೆ ಕಾಡಿಗೆ ಹೋಗಿ ಕೂರುವುದು ಎಂದು ಹೆದರಬೇಕಾಗಿಲ್ಲ. ಕನಿಷ್ಠ ಅಂಕ 65, ವಯಸ್ಸು 45ರ ಒಳಗಿರಬೇಕು. ಪೂರ್ತಿ 30 ಅಂಕ ಸಿಗುವುದು 25ರಿಂದ 32ರ ವಯಸ್ಸಿಗೆ. ಕೆನಡಾದಲ್ಲಿ 30 ದಾಟಿದ ಕೂಡಲೇ ಅಂಕ ಇಳಿಯಲು ಶುರುವಾದರೆ, ಇಲ್ಲಿ 33ರ ಹುಟ್ಟುಹಬ್ಬದವರೆಗೆ ಸಮಯ ಇದೆ. ಸ್ವಲ್ಪ ತಡವಾಗಿ ಮನಸ್ಸು ಮಾಡಿದವರಿಗೆ ಇದು ದೊಡ್ಡ ಅನುಕೂಲ. ಆದರೆ 65 ಅಂಕ ಇದ್ದರೆ ಕರೆ ಬಂದೇ ಬರುತ್ತದೆ ಎಂದು ನಂಬಬೇಡಿ. ಐಟಿಯವರಿಗೆ ಅದಕ್ಕಿಂತ ಬಹಳ ಮೇಲಿರಬೇಕು. ನರ್ಸ್‌ಗಳು, ಶಿಕ್ಷಕರು, ಸಿವಿಲ್ ಎಂಜಿನಿಯರುಗಳ ಸ್ಥಿತಿ ಮೇಲು.

ಜರ್ಮನಿ ಎರಡನೆಯ ಬಗೆಯದಾಗಿ ಶುರುವಾಗಿ ಬೇಗನೆ ಮೊದಲನೆಯದಾಗುತ್ತದೆ. ಈಗಿನ ಕಾಲಕ್ಕೆ ನನಗೆ ಹೆಚ್ಚು ಇಷ್ಟವಾಗುವ ದಾರಿ ಇದೇ. ಡಿಗ್ರಿ ಇರಬೇಕು, ಕೈಯಲ್ಲಿ ಕೆಲಸದ ಒಪ್ಪಂದ ಇರಬೇಕು. 2025ರಲ್ಲಿ ವರ್ಷಕ್ಕೆ 48,300 ಯೂರೋ ಸಂಬಳ ಇದ್ದರೆ ಇಯು ಬ್ಲೂ ಕಾರ್ಡ್, ಅಂದರೆ ಓದಿದ ನೌಕರರಿಗೆ ಕೊಡುವ ವಾಸದ ಪರವಾನಗಿ, ಸಿಗುತ್ತಿತ್ತು. ಐಟಿ, ಎಂಜಿನಿಯರಿಂಗ್, ವೈದ್ಯಕೀಯದಂಥ ಜನ ಕಡಿಮೆ ಇರುವ ಕೆಲಸಗಳಿಗೂ, ಹೊಸದಾಗಿ ಡಿಗ್ರಿ ಮುಗಿಸಿದವರಿಗೂ ಸುಮಾರು 43,760 ಸಾಕಿತ್ತು. ಬ್ಲೂ ಕಾರ್ಡ್ ಇರುವವರು ಜರ್ಮನ್ ಭಾಷೆಯಲ್ಲಿ ಬಿ1 ಎಂಬ ಮಧ್ಯಮ ಮಟ್ಟ ಮುಟ್ಟಿದರೆ 21 ತಿಂಗಳಿಗೆ ಪಿಆರ್. ಆರಂಭದ ಎ1 ಮಟ್ಟ ಇದ್ದರೆ 27 ತಿಂಗಳು. ಅಂದರೆ ಕಂಪನಿಯ ಹಂಗು ಇರುವುದು ಹೆಚ್ಚೆಂದರೆ ಎರಡೂಕಾಲು ವರ್ಷ. ಗಂಡ ಅಥವಾ ಹೆಂಡತಿ ಬಂದ ದಿನದಿಂದಲೇ ಕೆಲಸ ಮಾಡಬಹುದು. ಕೆಲಸ ಇಲ್ಲದವರಿಗೆ 2024ರ ಜೂನ್‌ನಿಂದ ‘ಆಪರ್ಚುನಿಟಿ ಕಾರ್ಡ್’ ಇದೆ. ಅಲ್ಲೇ ಹೋಗಿ ಒಂದು ವರ್ಷ ಕೆಲಸ ಹುಡುಕಬಹುದು. ಆದರೆ ಆ ವರ್ಷದ ಖರ್ಚಿಗೆ ಸುಮಾರು 13 ಸಾವಿರ ಯೂರೋ ಮೊದಲೇ ತೋರಿಸಬೇಕು. ತೋಟ ಅಡವಿಟ್ಟು ಈ ಕಾರ್ಡ್ ಮಾಡಿಸುವುದು ಬೇಡ. ಬೆಂಗಳೂರಿನ ಕೆಲಸದಲ್ಲಿ ಇದ್ದುಕೊಂಡೇ, ಇಲ್ಲಿಂದಲೇ ಜರ್ಮನಿಯ ಕೆಲಸ ಹುಡುಕಿ.

ಅಮೆರಿಕದ ಬಗ್ಗೆ ನೇರವಾಗಿ ಹೇಳುತ್ತೇನೆ. ದುಡಿಯಲು, ಕಲಿಯಲು ಹೋಗುವುದಾದರೆ ಹೋಗಿ. ನೆಲೆಸುವ ಯೋಜನೆಯಾಗಿ ಅದನ್ನು ಆರಿಸಬೇಡಿ. ಕೆಲಸದ ಆಧಾರದ ಗ್ರೀನ್ ಕಾರ್ಡ್ (ಅಲ್ಲಿನ ಪಿಆರ್) ವರ್ಷಕ್ಕೆ ಸುಮಾರು 1,40,000. ಒಂದೊಂದು ದೇಶದಲ್ಲಿ ಹುಟ್ಟಿದವರಿಗೆ ಅದರಲ್ಲಿ ಶೇ 7ರ ಮಿತಿ. 2025ರಲ್ಲಿ ಇಬಿ-2, ಇಬಿ-3 ಎಂಬ ಓದಿದ, ನುರಿತ ನೌಕರರ ವಿಭಾಗಗಳಲ್ಲಿ ಭಾರತೀಯರ ಪೈಕಿ ಸರದಿ ನಡೆಯುತ್ತಿದ್ದುದು 2012, 2013ರಲ್ಲಿ ಸಾಲಿಗೆ ಸೇರಿದವರದ್ದು. ಈಗ ಸೇರುವವರ ಸರದಿ ಯಾವಾಗ ಬಂದೀತು ಎಂದು ನೀವೇ ಲೆಕ್ಕ ಹಾಕಿ. ಕಾಯುತ್ತಿರುವಾಗ ಮಕ್ಕಳಿಗೆ 21 ತುಂಬಿದರೆ ಅವರು ಅಪ್ಪ ಅಮ್ಮನ ಅರ್ಜಿಯಿಂದ ಹೊರಗೆ ಬೀಳಬಹುದು. ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿದ್ದು ಕೆಲಸ ಹೋದರೆ ಇನ್ನೊಂದು ಹುಡುಕಲು ಇರುವುದು 60 ದಿನ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳ ಮೇಲೆ 1 ಲಕ್ಷ ಡಾಲರ್ ಹೊರೆಯನ್ನೂ ಹಾಕಿದರು.

ಬ್ರಿಟನ್ನಿನಲ್ಲಿ ಐದು ವರ್ಷ ಕೆಲಸ ಮಾಡಿದರೆ ಕಾಯಂ ವಾಸದ ಅನುಮತಿ ಸಿಗುವ ಪದ್ಧತಿ ಇತ್ತು. ಅದನ್ನು ಹತ್ತಕ್ಕೆ ಏರಿಸುವ ಪ್ರಸ್ತಾಪವನ್ನು 2025ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರ ಮುಂದಿಟ್ಟಿತು. ವೃದ್ಧರ ಆರೈಕೆ ಕೆಲಸಕ್ಕೆ ಹೊರದೇಶದಿಂದ ಜನರನ್ನು ತರಿಸುವುದು ಆ ವರ್ಷ ಜುಲೈನಲ್ಲಿ ನಿಂತಿತು. ಇನ್ನೂ ಯಾರಾದರೂ ‘ಕೇರ್ ವರ್ಕರ್ ವೀಸಾ ಮಾಡಿಸಿಕೊಡ್ತೀವಿ’ ಎಂದು ಇಲ್ಲಿ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ದುಬೈ, ಅಬುಧಾಬಿ, ಸೌದಿ ಎರಡನೆಯ ಬಗೆಯವು. ಅಲ್ಲಿನ ಸಾಮಾನ್ಯ ರೆಸಿಡೆನ್ಸಿ ಕಂಪನಿಗೆ ಕಟ್ಟಿದ್ದು, ಎಷ್ಟು ವರ್ಷ ದುಡಿದರೂ ಪೌರತ್ವದ ಕಡೆಗೆ ಹೋಗುವುದಿಲ್ಲ. ಯುಎಇಯ ಗೋಲ್ಡನ್ ವೀಸಾ ಹತ್ತು ವರ್ಷದ್ದು, ಕಂಪನಿಯ ಹಂಗಿಲ್ಲ. ಆದರೆ ನೌಕರರಿಗೆ ಅದು ಸಿಗಲು ತಿಂಗಳಿಗೆ 30 ಸಾವಿರ ದಿರ್ಹಮ್ ಸಂಬಳ ಇರಬೇಕು, ಇಲ್ಲವೇ 20 ಲಕ್ಷ ದಿರ್ಹಮ್‌ನ ಆಸ್ತಿ ಮಾಡಿರಬೇಕು.

ಊರಿಗೆ ಬಂದು ಎಷ್ಟು ದಿನ ಇರಬಹುದು?

ಈ ಪ್ರಶ್ನೆಯನ್ನು ಹೋಗುವ ಮೊದಲು ಕೇಳುವವರು ಕಡಿಮೆ. ಕಾರ್ಡು ಕೈಗೆ ಬಂದ ಮೇಲೆ ಎಷ್ಟು ದಿನ ದೂರ ಇದ್ದರೂ ನಡೆಯುತ್ತದೆ ಎಂದೇ ತುಂಬ ಜನ ತಿಳಿದಿದ್ದಾರೆ. ಹಾಗಿಲ್ಲ.

ಕೆನಡಾದ ನಿಯಮ ಉದಾರ. ಐದು ವರ್ಷದಲ್ಲಿ 730 ದಿನ ಅಲ್ಲಿದ್ದರೆ ಸಾಕು, ಪಿಆರ್ ಉಳಿಯುತ್ತದೆ. ಆ 730 ದಿನ ಒಟ್ಟಿಗೇ ಆಗಬೇಕೆಂದಿಲ್ಲ. ಅಂದರೆ ಐದರಲ್ಲಿ ಮೂರು ವರ್ಷ ಹೊರಗಿರಬಹುದು. ಅಡಿಕೆ ಕೊಯ್ಲಿಗೆಂದು ಪ್ರತಿ ವರ್ಷ ಮೂರು ತಿಂಗಳು ತೀರ್ಥಹಳ್ಳಿಯಲ್ಲಿ ಕಳೆದರೂ ಪಿಆರ್‌ಗೆ ತೊಂದರೆ ಇಲ್ಲ. ಪೌರತ್ವ ಬೇಕಿದ್ದರೆ ಮಾತ್ರ ಲೆಕ್ಕ ಬಿಗಿ: ಐದು ವರ್ಷದಲ್ಲಿ 1,095 ದಿನ ಅಲ್ಲಿರಬೇಕು.

ಆಸ್ಟ್ರೇಲಿಯಾದ ಪಿಆರ್ ವೀಸಾದಲ್ಲಿ ಮೊದಲ ಐದು ವರ್ಷ ಎಷ್ಟು ಸಲ ಬೇಕಾದರೂ ಹೋಗಿ ಬರಬಹುದು. ಆಮೇಲೆ ಮರಳಿ ಹೋಗಲು ಬೇರೆ ವೀಸಾ ಬೇಕು. ಹಿಂದಿನ ಐದು ವರ್ಷದಲ್ಲಿ ಎರಡು ವರ್ಷ ಅಲ್ಲಿದ್ದವರಿಗೆ ಅದು ಸುಲಭವಾಗಿ ಐದು ವರ್ಷಕ್ಕೆ ಸಿಗುತ್ತದೆ.

ಜರ್ಮನಿ ಇಲ್ಲಿ ಕಟ್ಟುನಿಟ್ಟು. ಸಾಮಾನ್ಯ ಪಿಆರ್ ಇರುವವರು ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಅದು ತಾನಾಗಿ ರದ್ದಾಗುತ್ತದೆ. ಬ್ಲೂ ಕಾರ್ಡ್‌ನಲ್ಲಿ ಇರುವವರಿಗೆ 12 ತಿಂಗಳ ಅವಕಾಶ ಇದೆ. ಬ್ಲೂ ಕಾರ್ಡ್‌ಗೆ ನಾನು ಒತ್ತು ಕೊಡುವುದಕ್ಕೆ ಇದೂ ಒಂದು ಕಾರಣ. ಅಮ್ಮನಿಗೆ ಹುಷಾರಿಲ್ಲ ಎಂದು ಬಂದವರು ಎಂಟು ತಿಂಗಳು ಉಳಿಯಬೇಕಾಗಿ ಬಂದರೆ, ಒಬ್ಬರ ಕಾಗದ ಉಳಿಯುತ್ತದೆ, ಇನ್ನೊಬ್ಬರದ್ದು ಹೋಗುತ್ತದೆ.

ಅಮೆರಿಕದ ಗ್ರೀನ್ ಕಾರ್ಡ್‌ನಲ್ಲಿ ಮುಂಚಿತ ಅನುಮತಿ ಇಲ್ಲದೆ ಒಂದು ವರ್ಷ ಹೊರಗಿದ್ದರೆ ವಾಸ ಬಿಟ್ಟಂತೆ ಎಂದು ಲೆಕ್ಕ. ಆರು ತಿಂಗಳು ದಾಟಿದರೂ ಏರ್‌ಪೋರ್ಟಿನಲ್ಲಿ ಪ್ರಶ್ನೆಗಳು ಬರುತ್ತವೆ. ಯುಎಇಯ ಸಾಮಾನ್ಯ ರೆಸಿಡೆನ್ಸಿ ಆರು ತಿಂಗಳು ಹೊರಗಿದ್ದರೆ ಹೋಗುತ್ತದೆ, ಗೋಲ್ಡನ್ ವೀಸಾಕ್ಕೆ ಈ ಕಟ್ಟು ಇಲ್ಲ.

ದೂರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ದುಬೈನಿಂದ ಮಂಗಳೂರಿಗೆ ನಾಲ್ಕು ಗಂಟೆಯೊಳಗೆ ಬಂದು ಇಳಿಯಬಹುದು. ಆಗುಂಬೆ ಘಾಟಿ ಹತ್ತಿದರೆ ಅದೇ ದಿನ ಮನೆ. ಜರ್ಮನಿಯ ಫ್ರಾಂಕ್‌ಫರ್ಟ್, ಮ್ಯೂನಿಕ್‌ನಿಂದ ಬೆಂಗಳೂರಿಗೆ ನೇರ ವಿಮಾನ ಇದೆ, ಮಾರನೆಯ ದಿನಕ್ಕೆ ಊರು ಸೇರಬಹುದು. ಟೊರಾಂಟೊ ಕಡೆಯಿಂದ ಹೊರಟರೆ ಎರಡು ದಿನ ಅಂತಲೇ ಇಟ್ಟುಕೊಳ್ಳಿ. ಒಬ್ಬನೇ ಮಗ, ಒಬ್ಬಳೇ ಮಗಳು ಆಗಿದ್ದವರು ಇದನ್ನು ಪಾಯಿಂಟ್ ಲೆಕ್ಕದಷ್ಟೇ ಗಂಭೀರವಾಗಿ ನೋಡಬೇಕು.

ತೋಟದ ಕಾನೂನು

ಹೆಚ್ಚು ಗೊಂದಲ ಇರುವುದು ಇಲ್ಲಿ. ಪಿಆರ್ ತೆಗೆದುಕೊಂಡರೆ ತೋಟ ಹೋಗುತ್ತದೆ ಎಂದು ಹೆದರುವವರಿದ್ದಾರೆ. ಏನೂ ಆಗುವುದಿಲ್ಲ ಎನ್ನುವವರೂ ಇದ್ದಾರೆ. ಎರಡೂ ಸರಿಯಲ್ಲ.

ಪಿಆರ್ ಎಂದರೆ ಪೌರತ್ವ ಅಲ್ಲ. ಪಾಸ್‌ಪೋರ್ಟ್ ಭಾರತದ್ದೇ ಇರುತ್ತದೆ, ಮತದ ಹಕ್ಕೂ ಇರುತ್ತದೆ. ಜಮೀನಿನ ವಿಚಾರದಲ್ಲಿ ಲೆಕ್ಕಕ್ಕೆ ಬರುವುದು ಪಿಆರ್ ಅಲ್ಲ, 1999ರ ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣಾ ಕಾನೂನಿನ ಪ್ರಕಾರ ನೀವು ಅನಿವಾಸಿಯೋ ಅಲ್ಲವೋ ಎನ್ನುವುದು. ಕೆಲಸಕ್ಕೆಂದು ದೇಶ ಬಿಟ್ಟಾಗಲೇ ನೀವು ಆ ಲೆಕ್ಕಕ್ಕೆ ಸೇರುತ್ತೀರಿ. ಅಲ್ಲಿಂದ ಮುಂದೆ ಕೃಷಿ ಜಮೀನು, ಪ್ಲಾಂಟೇಶನ್, ತೋಟದ ಮನೆ ಕೊಳ್ಳುವಂತಿಲ್ಲ. ಅಡಿಕೆ ತೋಟ, ಕಾಫಿ ತೋಟ ಎರಡೂ ಇದರಲ್ಲಿ ಬಂದವು. 2020ರಲ್ಲಿ ಕೃಷಿಕರಲ್ಲದವರು ಜಮೀನು ಕೊಳ್ಳುವುದನ್ನು ತಡೆಯುತ್ತಿದ್ದ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ ಯಾರು ಬೇಕಾದರೂ ಜಮೀನು ಕೊಳ್ಳಬಹುದು ಎನ್ನುವ ಮಾತು ಕೇಳಿರುತ್ತೀರಿ. ಅದು ರಾಜ್ಯದ ಕಾನೂನು. ಫೆಮಾ ಕೇಂದ್ರದ್ದು, ಅದು ಹಾಗೆಯೇ ಇದೆ.

ಹೋಗುವ ಮೊದಲೇ ನಿಮ್ಮ ಹೆಸರಲ್ಲಿದ್ದ ತೋಟ ನಿಮ್ಮದಾಗಿಯೇ ಉಳಿಯುತ್ತದೆ. ಹಿರಿಯರ ನಂತರ ವಾರಸುದಾರಿಕೆಯಿಂದಲೋ ವಿಲ್ ಮೂಲಕವೋ ಬರುವುದಕ್ಕೂ ಅಡ್ಡಿ ಇಲ್ಲ. ಮುಂದೆ ಬೇರೆ ದೇಶದ ಪೌರತ್ವ ತೆಗೆದುಕೊಂಡು ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಭಾರತ ಕೊಡುವ ಕಾರ್ಡ್) ಮಾಡಿಸಿಕೊಂಡರೂ ಹೀಗೆ ಬರುವುದು ಬರುತ್ತದೆ. ಆದರೆ ದಾನಪತ್ರ ನಡೆಯುವುದಿಲ್ಲ. ನಮ್ಮಲ್ಲಿ ಅಪ್ಪಂದಿರು ಖರ್ಚು ಕಡಿಮೆ, ಕೆಲಸ ಸುಲಭ ಎಂದು ಮಗನ ಹೆಸರಿಗೆ ತೋಟವನ್ನು ದಾನಪತ್ರ ಮಾಡಿಬಿಡುವುದು ರೂಢಿ. ಮಗ ಅನಿವಾಸಿಯಾದ ಮೇಲೆ ಕೃಷಿ ಜಮೀನನ್ನು ದಾನವಾಗಿ ಪಡೆಯಲು ಫೆಮಾದಲ್ಲಿ ಅವಕಾಶ ಇಲ್ಲ. ಕೊಡುವುದಿದ್ದರೆ ಹೋಗುವ ಮೊದಲು ಕೊಡಬೇಕು, ಇಲ್ಲವಾದರೆ ವಿಲ್ ಬರೆಸಿ ರಿಜಿಸ್ಟರ್ ಮಾಡಿಸಬೇಕು. ಮಾರುವ ದಿನ ಬಂದರೆ ಭಾರತದಲ್ಲೇ ವಾಸ ಇರುವ ಭಾರತೀಯನಿಗೆ ಮಾತ್ರ ಮಾರಬಹುದು. ವಿದೇಶದಲ್ಲಿರುವ ಅಣ್ಣನಿಗೋ ಭಾವನಿಗೋ ಮಾರುವಂತಿಲ್ಲ.

ಕೂಡುಕುಟುಂಬದ ಆಸ್ತಿ ಇನ್ನೂ ಪಾಲಾಗದೆ ಇದ್ದರೆ, ನೀವು ಊರಲ್ಲಿರುವಾಗಲೇ ವಿಭಾಗಪತ್ರದ ಮಾತು ಎತ್ತಿ. ಮುಜುಗರ ಆಗುತ್ತದೆ, ನಿಜ. ಆದರೆ ಆರು ಸಾವಿರ ಮೈಲಿ ದೂರದಿಂದ ಪವರ್ ಆಫ್ ಅಟಾರ್ನಿ ಕಳಿಸಿ ಆ ಕೆಲಸ ಮಾಡಿಸುವುದು ಅದಕ್ಕಿಂತ ಕಷ್ಟ. ಹೊರದೇಶದಲ್ಲಿ ಬರೆದ ಆ ಪತ್ರಕ್ಕೆ ಅಲ್ಲಿನ ನೋಟರಿಯದೋ ಭಾರತೀಯ ರಾಯಭಾರ ಕಚೇರಿಯದೋ ಮುದ್ರೆ ಬೇಕು. ಅದು ಇಲ್ಲಿ ತಲುಪಿದ ಮೂರು ತಿಂಗಳೊಳಗೆ ಸ್ಟಾಂಪ್ ಶುಲ್ಕ ಕಟ್ಟಬೇಕು.

ಅಪ್ಪ-ಅಮ್ಮನನ್ನು ಕರೆಸಿಕೊಳ್ಳಬಹುದಾ?

ಕಾಯಂ ಆಗಿ ಎಂದರೆ, ಎಲ್ಲ ಕಡೆಯೂ ಕಷ್ಟ. ಕೆನಡಾದಲ್ಲಿ ಸೂಪರ್ ವೀಸಾ ಇದೆ, ಒಂದು ಸಲ ಹೋದರೆ ಐದು ವರ್ಷದವರೆಗೆ ಇರಬಹುದು. ವೈದ್ಯಕೀಯ ವಿಮೆ ನೀವೇ ಮಾಡಿಸಬೇಕು. ಆಸ್ಟ್ರೇಲಿಯಾದ ಕಡಿಮೆ ಖರ್ಚಿನ ಪೋಷಕ ವೀಸಾದ ಸಾಲು ದಶಕಗಳಷ್ಟು ಉದ್ದ. ಜರ್ಮನಿಯಲ್ಲಿ ಮೊದಲು ದಾರಿಯೇ ಇರಲಿಲ್ಲ ಎನ್ನಬಹುದು. 2024ರ ಮಾರ್ಚ್ 1ರಿಂದ ಈಚೆಗೆ ನುರಿತ ಕೆಲಸಗಾರರಾಗಿ ಅನುಮತಿ ಪಡೆದವರು ಅಪ್ಪ ಅಮ್ಮನನ್ನು ಕರೆಸಿಕೊಳ್ಳಲು ಕಾನೂನಿನಲ್ಲಿ ಅವಕಾಶ ಬಂದಿದೆ. ಖರ್ಚನ್ನೂ ಆರೋಗ್ಯ ವಿಮೆಯನ್ನೂ ಪೂರ್ತಿ ನೀವೇ ಹೊರಬೇಕು. ವಯಸ್ಸಾದವರಿಗೆ ಅಲ್ಲಿ ವಿಮೆ ಸಿಗುವುದೇ ದೊಡ್ಡ ಕೆಲಸ. ಅಮೆರಿಕದಲ್ಲಿ ಪೌರರಾದ ಮೇಲಷ್ಟೇ ಅಪ್ಪ ಅಮ್ಮನಿಗೆ ಅರ್ಜಿ ಹಾಕಬಹುದು.

ಆದರೆ ಅವರು ಬರುತ್ತಾರಾ? ಕೊಟ್ಟಿಗೆಯಲ್ಲಿ ದನ, ಅಂಗಳದಲ್ಲಿ ಹರವಿದ ಅಡಿಕೆ ಬಿಟ್ಟು ಬರಲು ಒಪ್ಪುವವರು ನಮ್ಮಲ್ಲಿ ತೀರ ಕಡಿಮೆ. ಮಗ ಕರೆಸಿಕೊಳ್ಳುತ್ತಾನೆ ಎನ್ನುವುದರ ಮೇಲೆ ಯೋಜನೆ ಕಟ್ಟುವ ಮೊದಲು ಅವರನ್ನೇ ಒಂದು ಮಾತು ಕೇಳಿ.

ಇಲ್ಲಿಂದ ಕಾಗದ ಹೊಂದಿಸುವುದು

ಮಲೆನಾಡಿನವರ ಅರ್ಜಿ ತಡವಾಗುವುದು ಬಹುತೇಕ ಹೆಸರಿನಿಂದ. ಎಸ್ಎಸ್ಎಲ್‌ಸಿ ಕಾರ್ಡಿನಲ್ಲಿ ರಮೇಶ ಎಚ್.ಎಸ್., ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಊರಿನ ಹೆಸರು ಮತ್ತು ಅಪ್ಪನ ಹೆಸರು, ಆಧಾರ್‌ನಲ್ಲಿ ಬರೀ ರಮೇಶ. ಸರ್‌ನೇಮ್ ಜಾಗ ಖಾಲಿ ಬಿಟ್ಟ ಪಾಸ್‌ಪೋರ್ಟುಗಳೂ ತುಂಬ ಇವೆ. ಒಂದೇ ಹೆಸರಿರುವ ಪಾಸ್‌ಪೋರ್ಟಿಗೆ ಯುಎಇ 2022ರಿಂದ ಸಾಮಾನ್ಯವಾಗಿ ವಿಸಿಟ್ ವೀಸಾ ಕೊಡುತ್ತಿಲ್ಲ. ಎಲ್ಲಕ್ಕಿಂತ ಮೊದಲು ಪಾಸ್‌ಪೋರ್ಟಿನಲ್ಲಿ ಹೆಸರು ಎರಡು ಭಾಗವಾಗಿ ಸರಿ ಮಾಡಿಸಿ. ಆಮೇಲೆ ಐಇಎಲ್‌ಟಿಎಸ್, ಟ್ರಾನ್ಸ್‌ಕ್ರಿಪ್ಟ್ (ಡಿಗ್ರಿಯ ಅಂಕಗಳ ದೃಢೀಕೃತ ದಾಖಲೆ) ಎಲ್ಲ ಅದೇ ಹೆಸರಲ್ಲಿ. ಹಳೆಯ ಅಂಕಪಟ್ಟಿಗಳಿಗೆ ‘ಇಬ್ಬರೂ ಒಬ್ಬರೇ’ ಎನ್ನುವ ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ.

ಟ್ರಾನ್ಸ್‌ಕ್ರಿಪ್ಟ್ ಕಾಲೇಜಿನಿಂದ ಅಲ್ಲ, ವಿಶ್ವವಿದ್ಯಾಲಯದಿಂದ ಬರಬೇಕು. ಎಂಜಿನಿಯರಿಂಗ್ ಆದರೆ ಬೆಳಗಾವಿಯ ವಿಟಿಯು, ಬಿಎಸ್‌ಸಿ, ಬಿಕಾಂ ಆದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ನರ್ಸಿಂಗ್ ಡಿಗ್ರಿ ಆದರೆ ಬೆಂಗಳೂರಿನ ರಾಜೀವ್ ಗಾಂಧಿ ವಿಶ್ವವಿದ್ಯಾಲಯ. ಪೊಲೀಸ್ ಕ್ಲಿಯರೆನ್ಸ್‌ಗೆ ನೇರ ಠಾಣೆಗೆ ಹೋಗಬೇಡಿ. ಪಾಸ್‌ಪೋರ್ಟ್ ಸೇವೆಯ ಮೂಲಕ ಅರ್ಜಿ ಹಾಕಿ, ಅವರು ಕೊಟ್ಟದ್ದೇ ನಡೆಯುವುದು. ವೈದ್ಯಕೀಯ ತಪಾಸಣೆಯನ್ನು ಆಯಾ ದೇಶ ಗುರುತಿಸಿದ ವೈದ್ಯರೇ ಮಾಡಬೇಕು, ಬಯೋಮೆಟ್ರಿಕ್ ಕೂಡ ಬೆಂಗಳೂರಿನಲ್ಲೇ. ಎರಡಕ್ಕೂ ಒಂದೇ ದಿನ ಸಮಯ ತೆಗೆದುಕೊಂಡರೆ ತಾಳಗುಪ್ಪದ ರಾತ್ರಿ ರೈಲಿನಲ್ಲಿ ಹೋಗಿ ಮುಗಿಸಿಕೊಂಡು ಬರಬಹುದು.

ದುಡ್ಡು ತೋರಿಸುವುದರಲ್ಲೂ ನಮ್ಮವರಿಗೆ ಒಂದು ತೊಡಕು ಇದೆ. ಕೆನಡಾಕ್ಕೆ ಒಬ್ಬರೇ ಹೋಗುವುದಾದರೂ 15 ಸಾವಿರ ಕೆನಡಿಯನ್ ಡಾಲರ್‌ಗಿಂತ ಸ್ವಲ್ಪ ಮೇಲೆ ಇರಬೇಕು, ಜೊತೆಗೆ ಆರು ತಿಂಗಳ ಸರಾಸರಿ ಬ್ಯಾಲೆನ್ಸ್ ಬ್ಯಾಂಕಿನವರು ಬರೆದುಕೊಡಬೇಕು. ತೋಟದ ಬೆಲೆ ಕೋಟಿ ಇದ್ದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ಸಾಲ ತಂದ ದುಡ್ಡೂ ಆಗುವುದಿಲ್ಲ. ಸಂಬಳದವರ ಖಾತೆಗೆ ತಿಂಗಳು ತಿಂಗಳು ದುಡ್ಡು ಬರುತ್ತದೆ. ಅಡಿಕೆ ದುಡ್ಡು ಬರುವುದು ವರ್ಷಕ್ಕೆ ಒಂದೆರಡು ಸಲ, ಒಟ್ಟಿಗೆ. ದಿಢೀರನೆ ಎಂಟು ಹತ್ತು ಲಕ್ಷ ಜಮೆಯಾದರೆ ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಅಡಿಕೆ ಸಹಕಾರ ಸಂಘ ಮ್ಯಾಮ್ಕೋಸ್‌ನದೋ ಮಂಡಿಯದೋ ಬಿಲ್, ಪಹಣಿ, ಅಪ್ಪ ಕೊಟ್ಟದ್ದಾದರೆ ಅವರ ಪತ್ರ ಜೊತೆಗಿಡಿ. ಅಡಿಕೆ ಮಾರಿದ ದುಡ್ಡನ್ನು ಆರು ತಿಂಗಳು ಮೊದಲೇ ಖಾತೆಯಲ್ಲಿ ಕೂರಿಸಿ.

ಕೆನಡಾ, ಆಸ್ಟ್ರೇಲಿಯಾ ಎರಡರಲ್ಲೂ ಕರೆ ಬಂದ ಮೇಲೆ ಪೂರ್ತಿ ಅರ್ಜಿ ಹಾಕಲು 60 ದಿನ. ಜೂನ್, ಜುಲೈನಲ್ಲಿ ಕರೆ ಬಂದು, ಅದೇ ಹೊತ್ತಿಗೆ ಮಳೆಗೆ ಕರೆಂಟು, ನೆಟ್‌ವರ್ಕ್ ಹೋದರೆ ಪೇಚಾಟ. ಸ್ಕ್ಯಾನ್ ಮಾಡಿದ ಕಾಗದಗಳೆಲ್ಲ ಮಳೆಗಾಲಕ್ಕೆ ಮೊದಲೇ ಸಿದ್ಧ ಇರಲಿ.

ಏಜೆಂಟ್ ಬೇಕಾ ಎಂದು ಎಲ್ಲರೂ ಕೇಳುತ್ತಾರೆ. ಜರ್ಮನಿಯ ಬ್ಲೂ ಕಾರ್ಡ್‌ಗೆ ಬೇಡವೇ ಬೇಡ. ಕೆನಡಾಕ್ಕೆ ದುಡ್ಡು ಕೊಟ್ಟು ಯಾರನ್ನಾದರೂ ಹಿಡಿಯುವುದಾದರೆ, ಅವರು ಕೆನಡಾದ ಸಲಹೆಗಾರರ ಮಂಡಳಿಯಲ್ಲಿ ನೋಂದಣಿಯಾದವರೋ ಎಂದು ಆ ಮಂಡಳಿಯ ತಾಣದಲ್ಲಿ ಹುಡುಕಿ. ಗಲ್ಫ್ ಕೆಲಸಕ್ಕೆ ಕಳಿಸುವವರು ನಮ್ಮ ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ಪಟ್ಟಿಯಲ್ಲಿರಬೇಕು. ಅವರು ತೆಗೆದುಕೊಳ್ಳಬಹುದಾದ ಶುಲ್ಕ 30 ಸಾವಿರ ರೂಪಾಯಿ ಮತ್ತು ಜಿಎಸ್‌ಟಿ, ಅಷ್ಟೇ. ಎರಡು ಮೂರು ಲಕ್ಷ ಕೇಳಿದರೆ ಅದು ಕಾನೂನಿಗೆ ವಿರುದ್ಧ. ಎಸ್ಎಸ್ಎಲ್‌ಸಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ಎಮಿಗ್ರೇಶನ್ ಕ್ಲಿಯರೆನ್ಸ್ ಬೇಕಾದದ್ದು) ಆಗಿರುತ್ತದೆ. ಅಂಥವರು ಸೌದಿ, ಯುಎಇ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ಎಮಿಗ್ರೇಶನ್ ಕ್ಲಿಯರೆನ್ಸ್ ಪಡೆಯಲೇಬೇಕು. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸಿಕೊಳ್ಳೋಣ ಎನ್ನುವವರ ಮಾತು ಕೇಳಬೇಡಿ. ಅಲ್ಲಿ ಏನಾದರೂ ಆದರೆ ನೀವು ನೌಕರರೆಂದು ತೋರಿಸಲು ಒಂದು ಚೀಟಿಯೂ ಇರುವುದಿಲ್ಲ.

ಯಾರಿಗೆ ಯಾವುದು

ಬೆಂಗಳೂರಿನಲ್ಲಿ ಎಂಜಿನಿಯರ್ ಕೆಲಸದಲ್ಲಿರುವ, 30ರ ಆಸುಪಾಸಿನ, ಊರಲ್ಲಿ ಅಪ್ಪ ಅಮ್ಮ ಇಬ್ಬರೇ ಇರುವ ಒಬ್ಬನೇ ಮಗನಿಗೆ ನನ್ನ ಸಲಹೆ ಜರ್ಮನಿ. ಬೇಗ ಪಿಆರ್, ಮಾರನೆಯ ದಿನಕ್ಕೆ ಊರು, ಬ್ಲೂ ಕಾರ್ಡ್‌ನಲ್ಲಿ ಇರುವಾಗ 12 ತಿಂಗಳ ಅವಕಾಶ. ಜರ್ಮನ್ ಭಾಷೆಯನ್ನು ಇಲ್ಲೇ ಶುರು ಮಾಡಿ ಬಿ1 ಮುಟ್ಟಿಸಿದರೆ ಆರು ತಿಂಗಳು ಉಳಿಯುತ್ತದೆ.

ಊರಲ್ಲಿ ಅಣ್ಣನೋ ತಮ್ಮನೋ ತೋಟ ನೋಡಿಕೊಳ್ಳುತ್ತಿದ್ದು, ಗಂಡ ಹೆಂಡತಿ ಇಬ್ಬರೂ ಓದಿದವರಾಗಿ, ಮಕ್ಕಳನ್ನು ಅಲ್ಲೇ ಬೆಳೆಸುವ ಮನಸ್ಸಿದ್ದರೆ ಆಸ್ಟ್ರೇಲಿಯಾ. 491 ಸಿಕ್ಕರೂ ಬಿಡಬೇಡಿ. ಕೆಲವು ವರ್ಷ ದುಡಿದು ಪಿಆರ್ ಇಟ್ಟುಕೊಂಡೇ ತೋಟಕ್ಕೆ ಹೋಗಿ ಬಂದು ಮಾಡುವ ಯೋಚನೆ ಇದ್ದರೆ, ಫ್ರೆಂಚ್ ಕಲಿತಾದರೂ ಕೆನಡಾದ ಬಾಗಿಲು ತಟ್ಟಿ. ಆ 730 ದಿನದ ನಿಯಮ ತೋಟ ಇರುವವರಿಗೆ ದೊಡ್ಡ ಅನುಕೂಲ.

ಪಿಆರ್ ಆಸೆಗೆ ಓದಿನ ಸಾಲ ಮಾಡಿ ಯಾವುದೋ ಚಿಕ್ಕ ಕಾಲೇಜಿಗೆ ಸೇರುವುದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಕೆನಡಾ 2024ರಿಂದ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿದೆ, ಓದಿನ ನಂತರದ ಕೆಲಸದ ಪರ್ಮಿಟ್‌ಗೂ ಕಾಲೇಜು ಕೋರ್ಸುಗಳಲ್ಲಿ ವಿಷಯದ ಕಟ್ಟು ತಂದಿದೆ. ಎಲೆಚುಕ್ಕೆ ರೋಗಕ್ಕೆ ಫಸಲು ಬಿದ್ದು ಹೋಗಿರುವ ತೋಟವನ್ನು ಆ ಸಾಲಕ್ಕೆ ಆಧಾರ ಕೊಟ್ಟರೆ ಎರಡು ಕಡೆಯೂ ಆಸರೆ ಇರುವುದಿಲ್ಲ.

ನರ್ಸಿಂಗ್ ಓದಿದ ನಮ್ಮ ಹೆಣ್ಣುಮಕ್ಕಳಿಗೆ ಈ ಎಲ್ಲ ದೇಶಗಳಲ್ಲೂ ಬೇಡಿಕೆ ಇದೆ. ಹಾಗಾಗಿ ಆರಿಸುವ ಹಕ್ಕು ಅವರದ್ದೇ ಎಂದು ಅವರಿಗೆ ಮನದಟ್ಟಾಗಬೇಕು. ಗಲ್ಫಿನಲ್ಲಿ ಬೇಗ ಕೆಲಸ ಸಿಗುತ್ತದೆ, ಆದರೆ ನೆಲೆ ಸಿಗುವುದಿಲ್ಲ. ಜರ್ಮನಿಗೆ ಬಿ1 ಅಥವಾ ಬಿ2 ಜರ್ಮನ್ ಬೇಕು, ಓದಿಗೆ ಅಲ್ಲಿನ ಮಾನ್ಯತೆ ಬೇಕು. ಭಾಷೆ ಕಲಿಸಿ ಕರೆದುಕೊಂಡು ಹೋಗುತ್ತೇವೆ ಎನ್ನುವ ಸಂಸ್ಥೆಗಳ ಒಪ್ಪಂದಕ್ಕೆ ಸಹಿ ಹಾಕುವ ಮೊದಲು, ಮಧ್ಯದಲ್ಲಿ ಬಿಟ್ಟರೆ ಎಷ್ಟು ದುಡ್ಡು ಕಟ್ಟಬೇಕು ಎನ್ನುವ ಸಾಲು ಹುಡುಕಿ ಓದಿ. ಮೂಲ ಅಂಕಪಟ್ಟಿ, ಪಾಸ್‌ಪೋರ್ಟ್ ಅವರ ಹತ್ತಿರ ಇಟ್ಟುಕೊಳ್ಳಲು ಕೇಳಿದರೆ ಕೊಡಬೇಡಿ, ನಕಲು ಸಾಕು.